ಮೀನಿನ ನೀರು

ಮತ್ತೆ ಹಸಿರು!

ಯಜಮಾನರು ಗಾಜಿನ ಕೊಳವೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಪಕ್ಕದಲ್ಲಿ ಬಣ್ಣದ ಕಾರ್ಡಿಟ್ಟು ನೋಡಿದರು. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದರು. ಹಳದಿ ಬಂದರೆ ನೀರು ಚೊಕ್ಕಟ. ಹಸಿರು ಬಂದರೆ ಅಮೋನಿಯಾ, ಮೀನಿನ ಪಾಲಿಗೆ ವಿಷ. ನಿನ್ನೆ ತಾನೇ ಅರ್ಧ ತೊಟ್ಟಿ ನೀರು ಬದಲಾಯಿಸಿದ್ದರು. ಆದರೂ ಹಸಿರು, ಅದೂ ನಿನ್ನೆಗಿಂತ ಗಾಢ.

"ಯಾರೋ ಕದ್ದು ತಿನ್ನಿಸ್ತಿದ್ದಾರೆ," ಎಂದರು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ.

ಅಡುಗೆಮನೆಯಲ್ಲಿದ್ದವರು ಅವರ ಅತ್ತೆ. ಪಾತ್ರೆಗಳ ಸದ್ದು ಒಂದು ಕ್ಷಣ ನಿಂತು ಮತ್ತೆ ಶುರುವಾಯಿತು.

ಹಿಂದಿನ ಕೋಣೆಯ ಆ ಪುಟ್ಟ ತೊಟ್ಟಿಯಲ್ಲಿ ಎರಡು ಕೆಂಪು ಮೀನುಗಳಿದ್ದವು. ಹೊಸ ಮೀನನ್ನು ತಂದ ಕೂಡಲೇ ಹಜಾರದ ದೊಡ್ಡ ತೊಟ್ಟಿಗೆ ಬಿಡುವ ಹಾಗಿಲ್ಲ. ಅದರ ರೋಗ ಹಳೆಯವಕ್ಕೆ ಅಂಟದಂತೆ ಕೆಲವು ವಾರ ಬೇರೆ ಇಡಬೇಕು. ಇದಕ್ಕೆ ಮುಂಚೆ ತಂದ ಜೋಡಿ ಇದೇ ತೊಟ್ಟಿಯಲ್ಲಿ ಹೊಟ್ಟೆ ಮೇಲಾಗಿ ತೇಲಿತ್ತು. ಆ ದಿನ ಯಜಮಾನರ ಗಂಟಲಲ್ಲಿ ಅನ್ನ ಇಳಿದಿರಲಿಲ್ಲ. ಈ ಜೋಡಿಯೂ ಹೋದರೆ ಅವರಿಗೆ ತಡೆದುಕೊಳ್ಳಲಾಗುತ್ತಿರಲಿಲ್ಲ. ಮೀನೆಂದರೆ ಅವರಿಗೆ ಅಷ್ಟು ಪ್ರಾಣ.

ಕಚೇರಿಯಲ್ಲಿ ಅವರಷ್ಟು ಸಾಧು ಇನ್ನೊಬ್ಬರಿಲ್ಲ. ಮುಂದೆ ಇಟ್ಟದ್ದಕ್ಕೆ ಸಹಿ, ಹೊತ್ತಿಗೆ ಸರಿಯಾಗಿ ಚಹಾ, ಯಾರ ತಂಟೆಗೂ ಇಲ್ಲ. ಮನೆಗೆ ಬಂದು ಈ ಕೋಣೆಗೆ ಕಾಲಿಟ್ಟರೆ ಮಾತ್ರ ಮನುಷ್ಯರೇ ಬೇರೆ. ಕೊಳವೆ ತೊಳೆಯುವುದೇನು, ಔಷಧಿ ಹನಿ ಹನಿಯಾಗಿ ಬಿಡುವುದೇನು, ಗಡಿಯಾರ ನೋಡುತ್ತ ಉಸಿರು ಬಿಗಿಹಿಡಿದು ಕೂರುವುದೇನು! ಪರೀಕ್ಷೆ ಮಾಡದೆ ಯಾವುದನ್ನೂ ನಂಬಬಾರದು ಎನ್ನುವುದು ಅಲ್ಲಿ ಅವರ ವೇದವಾಕ್ಯ.

ಮೀನಿನ ಹೊಲಸು, ತಿನ್ನದೆ ಉಳಿದ ಆಹಾರ, ಇವು ಕೊಳೆತರೆ ಅಮೋನಿಯಾ. ಅತ್ತೆಗೋ ಕರುಣೆ ಜಾಸ್ತಿ. "ಪಾಪ, ಬಾಯಿ ಬಾಯಿ ಬಿಡ್ತಾವೆ," ಎಂದು ಒಮ್ಮೆ ಬ್ರೆಡ್ಡಿನ ಚೂರು ಹಾಕುವಾಗ ಸಿಕ್ಕಿಬಿದ್ದಿದ್ದರು. ಅಂದಿನಿಂದ ಮನೆಯಲ್ಲಿ ಏನು ಕೆಟ್ಟರೂ ಶನೀಶ್ವರ ಅವರೇ. ಆ ವಾರ ಬೀದಿಗೆ ಬೀದಿಯೇ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿತ್ತು. ಯಜಮಾನರ ಹೊಟ್ಟೆಯೂ ಕೆಟ್ಟಿತ್ತು. ಅದಕ್ಕೂ ಅತ್ತೆಯ ಅಡುಗೆಯೇ ಕಾರಣವೆಂದು ತೀರ್ಪಾಗಿತ್ತು.

"ಅಡುಗೆ ಅಲ್ಲ ಅಳಿಯಂದಿರೇ. ಚಹಾಕ್ಕೂ ಒಂಥರಾ ವಾಸನೆ. ನಲ್ಲಿ ನೀರೇ ಯಾಕೋ..."

"ನಲ್ಲಿ ನೀರಿನ ವಿಷಯ ನನಗೆ ಹೇಳ್ಕೊಡ್ಬೇಡಿ ಅತ್ತೆ!"

"ಅದೂ ಸರಿ ಅನ್ನಿ," ಎಂದು ಅತ್ತೆ ಒಲೆಯತ್ತ ತಿರುಗಿದ್ದರು.

ಯಜಮಾನರು ಮೀನಿನ ಆಹಾರದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ತೊಟ್ಟಿಯ ಮುಚ್ಚಳಕ್ಕೆ ಟೇಪು ಸುತ್ತಿದರು. ಬಕೆಟ್ಟುಗಟ್ಟಲೆ ನೀರು ಹೊತ್ತು, ಕ್ಲೋರಿನ್ ಹೋಗಲು ಔಷಧಿ ಬೆರೆಸಿ, ಮತ್ತೆ ಅರ್ಧ ತೊಟ್ಟಿ ಬದಲಾಯಿಸಿದರು. ಮರುದಿನ ನೋಡಿದರೆ ಟೇಪು ಹರಿದಿರಲಿಲ್ಲ. ಹಸಿರು ಮಾತ್ರ ಏರಿತ್ತು. ಒಂದು ಮೀನು ಮೂಲೆಯಲ್ಲಿ ಓರೆಯಾಗಿ ಬಿದ್ದುಕೊಂಡು ಏದುಸಿರು ಬಿಡುತ್ತಿತ್ತು.

ಯಜಮಾನರ ತಾಳ್ಮೆ ಹರಿಯಿತು. "ಇದು ಸತ್ತರೆ ನಿಮ್ಮ ಕೈಯಿಂದಲೇ ಸತ್ತ ಹಾಗೆ ಅತ್ತೆ, ತಿಳ್ಕೊಳ್ಳಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, ಎರಡು ಸೀರೆ ಚೀಲಕ್ಕೆ ತುರುಕಿ, ಕಿರಿಯ ಮಗಳ ಮನೆಗೆ ಹೊರಟುಹೋದರು.

"ಹೆತ್ತಮ್ಮನ್ನ ಕಳ್ಳಿ ಮಾಡಿ ಓಡಿಸಿದ್ರಲ್ಲ. ಈಗ ಸಮಾಧಾನವಾ?" ಹೆಂಡತಿ ಕೋಣೆಯ ಬಾಗಿಲಿಗೆ ಬಂದು ಕೇಳಿದಳು.

"ನಾನೇನು ಸುಮ್ಸುಮ್ನೆ ಅಂದ್ನಾ? ಬಾ ಇಲ್ಲಿ. ನಿಮ್ಮಮ್ಮನ ಕೈಗುಣ ಏನು ಅಂತ ಕಣ್ಣಾರೆ ನೋಡುವೆಯಂತೆ."

ಒಂದು ಕೊಳವೆಗೆ ತೊಟ್ಟಿಯ ನೀರು ತುಂಬಿದರು. ಹೋಲಿಸಿ ತೋರಿಸಲು ಶುದ್ಧ ನೀರು ಬೇಕಲ್ಲ? ಇನ್ನೊಂದಕ್ಕೆ ನಲ್ಲಿಯಿಂದ ಹಿಡಿದರು. ಎರಡಕ್ಕೂ ಔಷಧಿ ಬಿಟ್ಟು, ಅಲುಗಾಡಿಸಿ, ಪಕ್ಕಪಕ್ಕ ನಿಲ್ಲಿಸಿದರು.

ತೊಟ್ಟಿಯ ನೀರು ಹಸಿರಾಯಿತು. ನಲ್ಲಿಯ ನೀರು ಅದಕ್ಕಿಂತ ಕಡುಹಸಿರಾಯಿತು.

ಯಜಮಾನರು ಎರಡನ್ನೂ ಮತ್ತೆ ಕಾರ್ಡಿನ ಪಕ್ಕ ಹಿಡಿದು ನೋಡಿದರು. ತೊಟ್ಟಿಗೆ ಬಕೆಟ್ಟು ಬಕೆಟ್ಟು ವಿಷ ಹೊತ್ತು ಸುರಿದವರು ತಾವೇ. ಮೊದಲ ಜೋಡಿಯನ್ನು ಕೊಂದವರೂ ಪ್ರಾಯಶಃ ತಾವೇ. ಔಷಧಿಯ ಹೊಸ ಬಾಟಲಿ ತೆಗೆದು ಪರೀಕ್ಷೆ ಮಾಡಿದರು, ಬಚ್ಚಲ ನಲ್ಲಿಯಿಂದ ಹಿಡಿದು ಮಾಡಿದರು. ಹಸಿರೇ.

"ಹೊರಗೆ ಹೋಗಿ ಹೇಳ್ಕೊಂಡು ಬರಬೇಡ," ಎಂದರು ಕೊನೆಗೆ, ಪಿಸುದನಿಯಲ್ಲಿ.

ಹಾಗೆಂದು ಕೈಕಟ್ಟಿ ಕೂರುವ ಕಟುಕರೇನೂ ಅಲ್ಲ ಅವರು. ಕೂಡಲೇ ಅಂಗಡಿಗೆ ಓಡಿ ಕ್ಯಾನ್ ನೀರು ತಂದರು, ಅದನ್ನೂ ಪರೀಕ್ಷಿಸಿ ಹಳದಿ ಬಂದ ಮೇಲೆಯೇ ತೊಟ್ಟಿಗೆ ಸುರಿದರು. ಸಂಜೆಯ ಹೊತ್ತಿಗೆ ಓರೆಯಾಗಿದ್ದ ಮೀನು ನೆಟ್ಟಗಾಯಿತು. ಯಜಮಾನರ ಕಣ್ಣಲ್ಲಿ ನೀರಾಡಿತು. ನಾದಿನಿಯ ಮನೆಗೆ ತಾವೇ ಹೋಗಿ, "ತಪ್ಪಾಯ್ತು ಅತ್ತೆ, ದೊಡ್ಡ ಮನಸ್ಸು ಮಾಡಿ," ಎಂದು ಕೈಮುಗಿದು ಕರೆತಂದರು. ಅತ್ತೆ ಕರಗಿಹೋದರು. ಅಂದಿನಿಂದ ಮನೆಯ ಚಹಾಕ್ಕೂ ಕ್ಯಾನ್ ನೀರೇ ಎಂದು ಅಪ್ಪಣೆಯಾಯಿತು.

ಹೆಂಡತಿಗೆ ಮಾತ್ರ ಮನಸ್ಸು ತಡೆಯಲಿಲ್ಲ. "ರೀ, ನಾವೇನೋ ಕ್ಯಾನ್ ತಂದ್ವಿ. ಊರಲ್ಲಿ ಉಳಿದವರ ಗತಿ?"

"ಅವರ ಮನೇಲೆಲ್ಲ ಮೀನಿದೆಯಾ?" ಎಂದರು ಯಜಮಾನರು, ಮೀನಿನಿಂದ ಕಣ್ಣು ಕೀಳದೆ.

ಮರುದಿನ ಬೆಳಿಗ್ಗೆ, ಇಡೀ ಊರಿನ ಕುಡಿಯುವ ನೀರನ್ನು ಪರೀಕ್ಷಿಸುವ ಮುಖ್ಯಾಧಿಕಾರಿ, ಅಂದರೆ ನಮ್ಮ ಈ ಯಜಮಾನರು, ಕಚೇರಿಯ ಮೇಜಿನ ಮೇಲಿಟ್ಟಿದ್ದ ನಲ್ಲಿ ನೀರಿನ ಬಾಟಲಿಯ ಮುಚ್ಚಳವನ್ನೂ ತೆಗೆಯದೆ, ಎಂದಿನಂತೆ 'ಕುಡಿಯಲು ಯೋಗ್ಯ' ಎಂದು ಬರೆದು ಸಹಿ ಹಾಕಿದರು.