ಮೂರನೇ ಸಲ

ಹೆಲಿಕಾಪ್ಟರ್ ಎಬ್ಬಿಸಿದ ಧೂಳು ಅಡಗಿದಾಗ, ಕೊಯ್ಲಾದ ರಾಗಿ ಹೊಲದ ಅಂಚಿನಲ್ಲಿ ಒಬ್ಬ ಮುದುಕಿ ಕೂತಿರುವುದು ಕಾಣಿಸಿತು. ಹಾಸಿದ್ದ ಚಾಪೆ ಹಾರಿಹೋಗದಂತೆ ಎರಡೂ ಕೈಯಿಂದ ಅದುಮಿ ಹಿಡಿದಿದ್ದಳು. ಎಣ್ಣೆ ಹಚ್ಚಿ ಬಾಚಿದ ತಲೆ, ಕೆನ್ನೆಗೆ ಅರಿಶಿನ, ಮಡಿಕೆಯ ಗೆರೆ ಇನ್ನೂ ಹೋಗದ ಹೊಸ ಸೀರೆ.

ನರ್ಸ್ ಚಂದ್ರಲೇಖಾ ಲಸಿಕೆ ಪೆಟ್ಟಿಗೆ ಹಿಡಿದು ಇಳಿದಳು. ನಾಟ್ರಾಂಪಾಳ್ಯದಾಚೆಯ ಈ ಕಾಡುಹಟ್ಟಿಗೆ ಜೀಪೂ ಬರದು. ಹೊಸೂರಿನ ಸೇವಾಸಂಸ್ಥೆಯೊಂದು ವರ್ಷಕ್ಕೊಮ್ಮೆ ಹೀಗೆ ಹಾರಿಬರುತ್ತಿತ್ತು. ಬರುವ ದಿನವನ್ನು ವಾರದ ಮೊದಲೇ ಹೇಳಿಕಳಿಸುತ್ತಿದ್ದರು. ಹಿಂದಿನ ಎರಡು ಸಲವೂ ಮಕ್ಕಳು ಕೇಕೆ ಹಾಕುತ್ತ ಓಡಿಬಂದಿದ್ದವು. ಇವತ್ತು ಒಂದು ನಾಯಿಯೂ ಬೊಗಳಲಿಲ್ಲ. ಗುಡಿಸಲೊಂದರೊಳಗೆ ಇಣುಕಿದಳು. ಒಲೆಯ ಮೇಲೆ ಎಸರು ಕೊತಕೊತ ಕುದಿಯುತ್ತಿತ್ತು. ಸೀರೆಯ ತೊಟ್ಟಿಲು ಇನ್ನೂ ತೂಗುತ್ತಿತ್ತು, ಒಳಗೆ ಕೂಸಿರಲಿಲ್ಲ.

ಮುದುಕಿಯ ಹತ್ತಿರ ವಾಪಸು ಬಂದಳು. "ಎಲ್ರೂ ಎಲ್ಲಿಗೆ ಹೋದ್ರು ಅಜ್ಜಿ?"

"ಕಾಡಿಗೆ. ಈ ಸಲ ನಿಮ್ ಜೊತೆ ನಾನ್ ಬತ್ತೀನಿ ಅಂತ ಹಟ್ಟೀಲಿ ಮಾತಾಗೈತೆ, ನರ್ಸಮ್ಮ."

ಚಂದ್ರಲೇಖಾ ಅವಳ ನಾಡಿ ಹಿಡಿದಳು. ಸರಿಯಾಗಿಯೇ ಇತ್ತು. "ಏನ್ ಕಾಯಿಲೆ ನಿಮಗೆ?"

"ಏನೂ ಇಲ್ಲ, ಗಟ್ಟಿಯಾಗಿವ್ನಿ. ಮೊದಲ್ನೇ ಸಲ ಬಂದು ಜ್ವರ ಬಂದಿದ್ದ ಮುತ್ತರಾಯಪ್ಪನ್ನ ತಗೊಂಡೋದ್ರಿ. ಎರಡ್ನೇ ಸಲ ನನ್ ಮಗಳು ಮಾದೇವಿನ. ಇಬ್ರೂ ತಿರುಗಿ ಬರ್ಲಿಲ್ಲ. ಬಂದಾಗೆಲ್ಲ ಒಂದು ಜೀವ ಬೇಕೇ ಬೇಕು ಅಂದ್ರೆ, ಮುದುಕೀದು ಆಗಾಕಿಲ್ವಾ? ಮಕ್ಕಳ್ನ ಬುಟ್ಬುಡ್ರವ್ವ."

ಚಂದ್ರಲೇಖಾಳಿಗೆ ಈಗ ಗುರುತು ಸಿಕ್ಕಿತು, ಇವಳು ಸಾಕಮ್ಮ. ಹೋದ ವರ್ಷ ಹೆರಿಗೆ ಕಷ್ಟವಾಗಿದ್ದ ಮಾದೇವಿಯನ್ನು ಆಸ್ಪತ್ರೆಗೆ ಹಾರಿಸಿಕೊಂಡು ಹೋಗುವಾಗ ತಾನೇ ಇದೇ ಮುದುಕಿಯ ಕೈ ಹಿಡಿದು, "ಮೂರೇ ದಿನ, ಮಗು ಸಮೇತ ಬರ್ತಾಳೆ" ಎಂದಿದ್ದಳು. ತಾಯಿಯೂ ಉಳಿಯಲಿಲ್ಲ, ಮಗುವೂ ಉಳಿಯಲಿಲ್ಲ. ಯಾರಾದರೂ ಹಟ್ಟಿಗೆ ಸುದ್ದಿ ಮುಟ್ಟಿಸಿರುತ್ತಾರೆ ಎಂದುಕೊಂಡು ಸುಮ್ಮನಾಗಿದ್ದಳು. ಯಾರೂ ಮುಟ್ಟಿಸಿರಲಿಲ್ಲ.

ಅವಳು ನೆಲದ ಮೇಲೇ ಕೂತು, ಮುಚ್ಚುಮರೆಯಿಲ್ಲದೆ ಎಲ್ಲ ಹೇಳಿದಳು. ಸಾಕಮ್ಮನ ಕಣ್ಣಲ್ಲಿ ನೀರು ಬರಲಿಲ್ಲ.

"ಮಗು ಗಂಡಾ, ಹೆಣ್ಣಾ?"

"ಹೆಣ್ಣು."

"ಹಂಗಾದ್ರೆ ಎತ್ತಿ ಆಡ್ಸಾಕೆ ಅಲ್ಲೊಬ್ಳು ಅಜ್ಜಿ ಬೇಕಲ್ಲ." ಮುದುಕಿ ಎದ್ದು ಚಾಪೆ ಸುತ್ತಿಕೊಂಡಳು. "ನಡೀರಿ."

"ಇಲ್ಲ ಅಜ್ಜಿ, ನಿಮ್ಮನ್ನ ಕರ್ಕೊಂಡು ಹೋಗಲ್ಲ. ನೀವು ಹೋಗಿ ಅವರಿಗೆಲ್ಲ ಹೇಳಿ, ಯಾರನ್ನೂ ಕರ್ಕೊಂಡು ಹೋಗ್ಲಿಲ್ಲ ಅಂತ."

ಮೋಡ ಕಟ್ಟುತ್ತಿದೆ ಎಂದು ಪೈಲಟ್ ಕುಮಾರೇಶ್ ಕೂಗಿ ಕರೆದ. ಬಿಚ್ಚದ ಲಸಿಕೆ ಪೆಟ್ಟಿಗೆಯೊಂದಿಗೆ ಚಂದ್ರಲೇಖಾ ಹತ್ತಿದಳು. ಹೆಲಿಕಾಪ್ಟರ್ ಮೇಲೇರಿತು.

ಕೆಳಗೆ ಕಾಡಿನ ನಾಲ್ಕೂ ಕಡೆಯಿಂದ ಜನ ಹೊರಬಂದರು. ಕಂಕುಳಲ್ಲಿ ಕೂಸು ಹೊತ್ತ ಹೆಂಗಸರು, ಗಂಡಸರು, ಮಕ್ಕಳು ಹೊಲದ ಕಡೆ ಓಡಿದರು. ಸದ್ಯ, ಅಜ್ಜಿಯನ್ನು ಮನೆಗೆ ಕರೆದೊಯ್ಯುತ್ತಾರೆ ಎಂದು ಚಂದ್ರಲೇಖಾ ಉಸಿರುಬಿಟ್ಟಳು. ಆದರೆ ಮುದುಕಿ ಹೋಗದೆ ಉಳಿದದ್ದನ್ನು ಕಂಡು ಅವರು ಗಕ್ಕನೆ ನಿಂತರು. ಸಾಕಮ್ಮ ಅವರತ್ತ ಒಂದು ಹೆಜ್ಜೆ ಇಟ್ಟಳು. ಅಷ್ಟೂ ಜನ ಒಂದು ಹೆಜ್ಜೆ ಹಿಂದೆ ಸರಿದರು. ಇನ್ನೊಂದು ಹೆಜ್ಜೆ ಇಟ್ಟಳು. ಸತ್ತವಳು ಎದ್ದು ಬಂದಳೇನೋ ಎಂಬಂತೆ ತಾಯಂದಿರು ಮಕ್ಕಳ ಕಣ್ಣು ಮುಚ್ಚಿದರು.

ಮುದುಕಿ ತಿರುಗಿ, ಆಕಾಶಕ್ಕೆ ಮುಖವೆತ್ತಿ ಎರಡೂ ಕೈ ಬೀಸತೊಡಗಿದಳು.

"ಟಾಟಾ ಮಾಡ್ತಾ ಇದಾರೆ ನೋಡಿ, ಮೇಡಂ," ಕುಮಾರೇಶ್ ನಕ್ಕ.

"ಟಾಟಾ ಅಲ್ಲ ಸಾರ್," ಚಂದ್ರಲೇಖಾಳ ಕೈ ಅವನ ತೋಳನ್ನು ಬಿಗಿಯಾಗಿ ಹಿಡಿದಿತ್ತು. "ಕರೀತಾ ಇದಾರೆ. ಇಳಿಸಿ."