ನಂಬುವ ಒಬ್ಬರು

ಕ್ಲಿನಿಕ್ ಮುಚ್ಚಿ ಬರೆದ ಮೊದಲ ಕಾದಂಬರಿ ಹೊರಬಂದ ಮೇಲೆ ಡಾಕ್ಟರಮ್ಮನಿಗೆ ನೆಮ್ಮದಿಯಿರಲಿಲ್ಲ. ಎದೆಯ ಗಂಟಿಗೆ ಆಪರೇಷನ್ ಬೇಡವೆಂದು ಪ್ರಾರ್ಥನೆಗೆ ಕೂತ ಹೆಂಗಸೊಬ್ಬಳ ಗಂಟು ಕರಗಿಹೋಗುವ ಕಥೆ ಅದು. ಜೊತೆಗೆ ಓದಿದ ಡಾಕ್ಟರುಗಳು ಫೋನ್ ಮಾಡಿ ನಕ್ಕರು. ಚರ್ಚಿನ ಅಯ್ಯನವರೂ "ಕಥೆಗೆ ಚೆಂದ ಉಂಟು" ಎಂದಷ್ಟೇ ಹೇಳಿದರು. ದೇವರನ್ನು ನಂಬಿ ಬರೆದದ್ದನ್ನು ದೇವರ ಮನೆಯಲ್ಲೂ ಯಾರೂ ನಂಬುತ್ತಿಲ್ಲವಲ್ಲ ಎಂದು ಆಕೆ ಪ್ರತಿ ಭಾನುವಾರ ಎದುರಾದವರ ಮುಖವನ್ನೇ ನೋಡುತ್ತಿದ್ದರು.

ಆ ದಿನ ಆರಾಧನೆ ಮುಗಿದು ಮೆಟ್ಟಿಲಿಳಿಯುವಾಗ ಸಲೋಮಿಯಮ್ಮ ಕೈ ಹಿಡಿದು ನಿಲ್ಲಿಸಿದರು. ಹಿಂದೆ ಅವರ ಮಗಳು ತಲೆ ತಗ್ಗಿಸಿ ನಿಂತಿದ್ದಳು.

"ಡಾಕ್ಟ್ರೇ, ನಿಮ್ಮ ಪುಸ್ತಕ ಹಿಡಿದು ಕೂತ ನಂಗೆ ಒಲೆಯ ಮೇಲಿನ ಸಾರು ಸೀದದ್ದೂ ಗೊತ್ತಾಗ್ಲಿಲ್ಲ ಮಾರಾಯ್ರೆ!"

"ಹೌದಾ? ಇಷ್ಟ ಆಯ್ತಾ?"

"ಆಯ್ತು. ಆದ್ರೆ ಆ ಗಂಟು ಕರಗಿದ್ದು... ಹಾಗೆ ನಿಜವಾಗಿ ಆಗ್ತದಾ, ಇಲ್ಲ ನೀವು ಸುಮ್ಮನೆ ಬರೆದದ್ದಾ?"

ಅದು ಬರೀ ಕಥೆ ಎನ್ನಲು ಡಾಕ್ಟರಮ್ಮ ಬಾಯಿ ತೆರೆದರು. ಆದರೆ ಸಲೋಮಿಯಮ್ಮನ ಕಣ್ಣುಗಳಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ಇವರೊಬ್ಬರ ಮುಂದೆಯೂ ಹಿಂಜರಿದರೆ ತನ್ನ ವಿಶ್ವಾಸ ಎಂಥದ್ದು?

"ಸುಮ್ಮನೆ ಬರೆಯಲಿಲ್ಲ. ದೇವರು ಮನಸ್ಸು ಮಾಡಿದ್ರೆ ಆಗ್ತದೆ," ಎಂದರು.

"ನಂಗೆ ಗೊತ್ತಿತ್ತು!" ಸಲೋಮಿಯಮ್ಮ ಮಗಳ ಕಡೆ ತಿರುಗಿದರು. "ಕೇಳಿದ್ಯಲ್ಲ ಮಗಾ? ಡಾಕ್ಟ್ರೇ ಹೇಳಿದ್ರು. ನಾಳೆ ನೀನು ಆಪರೇಷನ್‌ಗೆ ಹೋಗುವುದು ಬೇಡ."