ಮುಂಗೋಪಿ ಒದೆಯದ ದಿನ

ಸಿಂಚನಾಗೆ ಗೈಡ್ ಎದುರು ಬಾಯಿ ಬಿಡುವ ಧೈರ್ಯ ಇರಲಿಲ್ಲ.

ಉಳಿದದ್ದೆಲ್ಲ ಇತ್ತು. ಪಶುವೈದ್ಯ ಡಿಗ್ರಿ, ಪಿಎಚ್‌ಡಿ ಸೀಟು, ಸ್ಕಾಲರ್‌ಶಿಪ್...

ಹಸು ತೇಗಿದಾಗ ಮೀಥೇನ್ ಎಂಬ ಅನಿಲ ಹೊರಬರುತ್ತದೆ. ಅದು ಭೂಮಿಯ ಬಿಸಿ ಏರಿಸುತ್ತದೆ. ಯಾವ ಮೇವು ಕೊಟ್ಟರೆ ಆ ಅನಿಲ ಕಡಿಮೆಯಾಗುತ್ತದೆ ಎನ್ನುವುದೇ ಅವಳ ಸಂಶೋಧನೆ.

ಅದಕ್ಕಾಗಿ ಫಾರ್ಮಿನಲ್ಲಿ ಒಂದು ಗಾಜಿನ ಕೋಣೆ ಇತ್ತು. ಹಸುವನ್ನು ಒಳಗೆ ಕಟ್ಟಿ ಬಾಗಿಲು ಬಿಗಿದರೆ, ಪೈಪಿನಲ್ಲಿ ಹೊರಬರುವ ಗಾಳಿಯನ್ನು ಮಷಿನ್ ಅಳೆಯುತ್ತದೆ. ನಡುವೆ ಬಾಗಿಲು ತೆರೆದರೆ ಅಷ್ಟೂ ಕೆಲಸ ಮಣ್ಣುಪಾಲು.

ಬಾಗಿಲ ಮೇಲೆ ಗೈಡ್ ನಂಜುಂಡಯ್ಯನವರೇ ದಪ್ಪಕ್ಷರದಲ್ಲಿ ಬರೆದು ಅಂಟಿಸಿದ್ದರು: "ಟೆಸ್ಟ್ ಮುಗಿಯುವ ತನಕ ಯಾರೂ ತೆರೆಯಕೂಡದು."

ಹೋದ ವರ್ಷ ಸೀನಿಯರ್ ಭರತೇಶ, ಹಸು ಕೂಗಿತು ಎಂದು ತೆರೆದುಬಿಟ್ಟಿದ್ದ. ಸರ್ ಎಲ್ಲರೆದುರು ಅವನ ನೀರಿಳಿಸಿದರು.

"ಹಸು ಕೂಗಿದ್ರೆ ಬಾಗಿಲು ತೆಗೀತೀಯಾ? ನಾಳೆ ಕೋಳಿ ಕೂಗಿದ್ರೆ ಗಂಟುಮೂಟೆ ಕಟ್ಕೊಂಡು ಊರಿಗೆ ಹೋಗ್ತೀಯಾ?"

ಎಲ್ಲರೂ ನಕ್ಕರು... ಅಂದಿನಿಂದ ಟೆಸ್ಟ್ ನಡುವೆ ಬಾಗಿಲ ಚಿಲಕವನ್ನು ಯಾರೂ ಮುಟ್ಟಲಿಲ್ಲ.

ಸಿಂಚನಾಳ ಟೆಸ್ಟಿನ ದಿನ ಒಳಗಿದ್ದದ್ದು ಗಬ್ಬದ ಹಸು. ಹತ್ತಿರ ಹೋದವರನ್ನೆಲ್ಲ ಒದೆಯುತ್ತಿತ್ತು, ಯಾರೂ ಸಿಗದಿದ್ದರೆ ಕೋಣೆಯ ಗೋಡೆಯನ್ನೂ. ಹಾಗಾಗಿ ಹೆಸರು ಮುಂಗೋಪಿ. ಬೆಳಿಗ್ಗೆ ಅದಕ್ಕೆ ಹೊಸ ಮೇವು, ಎಳೆಯ ಹಸಿ ಕುದುರೆ ಮೆಂತೆ, ಬುಟ್ಟಿ ತುಂಬ ಹಾಕಿದ್ದರು.

ಮಧ್ಯಾಹ್ನದ ಹೊತ್ತಿಗೆ ಕಂಪ್ಯೂಟರಿನಲ್ಲಿ ಮೀಥೇನ್ ಗೆರೆ ಇಳಿಯತೊಡಗಿತು.

"ಏನೇ ಸಿಂಚು, ಗೆರೆ ಜಾರುಬಂಡೆ ಥರ ಜಾರ್ತಾ ಇದೆ! ಹೋಳಿಗೆ ಊಟ ಯಾವಾಗ?" ಭರತೇಶ ಕುಣಿದುಬಿಟ್ಟ. "ಮುಂಗೋಪೀನೂ ಇವತ್ತು ಒಂದ್ಸಲನೂ ಒದೀಲಿಲ್ಲ. ನಿನ್ ಲಕ್ಕು ಕಣೆ."

ಅವಳು ಗ್ರಾಫಿನ ಫೋಟೋ ತೆಗೆದು ಸರ್‌ಗೆ ಕಳಿಸಿದಳು. ತಕ್ಷಣ ಉತ್ತರ ಬಂತು: "ಭೇಷ್! ಊಟ ಮುಗಿಸಿ ಬರ್ತೀನಿ."

ಖುಷಿ ಒಂದು ನಿಮಿಷವೂ ಉಳಿಯಲಿಲ್ಲ.

ಮುಂಗೋಪಿ ಯಾಕೆ ಒದೆಯುತ್ತಿಲ್ಲ...?

ಅವಳು ಗಾಜಿನ ಹತ್ತಿರ ಹೋದಳು. ಹಸು ಕತ್ತು ಮುಂದಕ್ಕೆ ಚಾಚಿ, ಕಾಲು ಅಗಲಿಸಿ ನಿಂತಿತ್ತು. ಬಾಯಿ ಆಡುತ್ತಿರಲಿಲ್ಲ. ಎಡಪಕ್ಕೆ ತುಂಬಿದ ಚೀಲದಂತೆ ಬೆನ್ನೆಲುಬಿಗಿಂತ ಮೇಲೆ ಉಬ್ಬಿತ್ತು.



ಮೀಥೇನ್ ಕಡಿಮೆಯಾಗಿರಲಿಲ್ಲ... ಅದು ಹೊರಗೇ ಬಂದಿರಲಿಲ್ಲ. ಎಳೆ ಹಸಿ ಮೇವಿಗೆ ತೇಗು ನಿಂತು, ಅನಿಲವೆಲ್ಲ ಹೊಟ್ಟೆಯಲ್ಲೇ ತುಂಬಿಕೊಳ್ಳುತ್ತಿತ್ತು.

"ಭರತೇಶಣ್ಣ, ಹೊಟ್ಟೆ ಉಬ್ಬರ. ಬಾಗಿಲು ತೆಗೀಬೇಕು."

ಅವನ ನಗು ಅಲ್ಲೇ ನಿಂತಿತು. ಗಾಜಿನೊಳಗೆ ನೋಡಿದ, ಬಾಗಿಲ ಮೇಲಿನ ಬರಹ ನೋಡಿದ. "ಸರ್ ಬರ್ಲಿ ಇರು. ಹೋದ್ ಸಲ ಏನಾಯ್ತು ಗೊತ್ತಲ್ಲ... ನಾನಂತೂ ಮುಟ್ಟಲ್ಲಮ್ಮ."

ಅವಳು ಚಿಲಕದ ಮೇಲೆ ಕೈ ಇಟ್ಟಳು. ತೆರೆಯದೆ ಕೈ ಹಿಂದಕ್ಕೆ ತೆಗೆದಳು.

ಫೋನ್ ಹಿಡಿದು ಟೈಪ್ ಮಾಡಿದಳು: "ಸರ್, ಹೊಟ್ಟೆ ಉಬ್ಬಿದೆ. ಬಾಗಿಲು ತೆಗೀಲಾ?"

ಮೇಲೆ ಸರ್ ಬರೆದ "ಭೇಷ್" ಕಾಣುತ್ತಿತ್ತು. ನನ್ನದೇ ತಪ್ಪಾಗಿದ್ದರೆ? ಎಲ್ಲರೆದುರು ಬೈದರೆ? ಸೀಟೇ ಹೋದರೆ...?

ಕಳಿಸದೆ ಅಳಿಸಿದಳು.

ಅರ್ಧ ಗಂಟೆ ಕಳೆಯಿತು, ಗೆರೆ ಇಳಿಯುತ್ತಲೇ ಇತ್ತು. ಗಾಜಿನಾಚೆ ಹಸು ಬಾಯಿ ತೆರೆದು, ನಾಲಿಗೆ ಹೊರಚಾಚಿ ಉಸಿರಿಗಾಗಿ ಒದ್ದಾಡತೊಡಗಿತು. ಆ ಕಣ್ಣು ನೇರ ಅವಳನ್ನೇ ನೋಡುತ್ತಿತ್ತು.

ಮುಂಗೋಪಿ ಮೊಣಕಾಲೂರಿ ಬಿದ್ದಾಗ ಅವಳು ಚಿಲಕ ಕಿತ್ತೆಳೆದಳು.

ಪಕ್ಕೆಗೆ ಚುಚ್ಚಿ ಗಾಳಿ ಬಿಡುವ ಕೊಳವೆ ಗೋಡೆಯಲ್ಲೇ ನೇತಾಡುತ್ತಿತ್ತು. ಚುಚ್ಚಿದಳು. ಗಾಳಿ ಬರಲಿಲ್ಲ, ಹಸಿರು ನೊರೆ ಬಂತು. ನೊರೆ ಒಡೆಯಲೆಂದು ಭರತೇಶ ಎಣ್ಣೆ ಬಾಟಲಿ ಹಿಡಿದು ಓಡಿಬಂದ...

ಅಷ್ಟರಲ್ಲಿ ಹಸುವಿನ ಕತ್ತು ಅವಳ ಮಡಿಲಿಗೆ ವಾಲಿತ್ತು.

ಸರ್ ಬಂದರು. ಊಟ ಮಾಡಿ ತೊಳೆದ ಕೈ ಇನ್ನೂ ಒದ್ದೆ. ಅವಳು ತಲೆ ತಗ್ಗಿಸಿ ಬೈಗುಳಕ್ಕೆ ಕಾದಳು.

"ಉಬ್ಬಿದ್ದು ಯಾವಾಗ ನೋಡ್ದೆ?"

"ಮುಕ್ಕಾಲು ಗಂಟೆ ಆಯ್ತು ಸರ್."

"ಮುಕ್ಕಾಲು ಗಂಟೆ! ಮತ್ಯಾಕಮ್ಮ ಬಾಗಿಲು ತೆಗೀಲಿಲ್ಲ? ಒಂದು ಫೋನ್ ಮಾಡೋಕಾಗ್ಲಿಲ್ವಾ?"

"ನೀವು ಬೈತೀರಾ ಅಂತ..."

"ಅಯ್ಯೋ ಹುಚ್ಚಿ! ಹಸು ಸಾಯ್ತಾ ಇದ್ರೂ ನಾನು ಗ್ರಾಫೇ ನೋಡ್ತೀನಿ ಅಂದ್ಕೊಂಡ್ಯಾ?"

ಹಿಂದಿನಿಂದ ಭರತೇಶ ಮೆಲ್ಲಗೆ ಹೇಳಿದ...

"ಹೌದು ಸರ್. ನಾವೆಲ್ಲ ಹಾಗೇ ಅಂದ್ಕೊಂಡಿದ್ವಿ."

ಸರ್ ಅಲ್ಲೇ, ನೊರೆ ಚೆಲ್ಲಿದ ನೆಲದ ಮೇಲೆ ಕುಸಿದು ಕೂತರು. ಮುಂಗೋಪಿಯ ಹಣೆ ಸವರಿದರು. ಬದುಕಿದ್ದಾಗ ಅದು ಯಾರಿಗೂ ಹಣೆ ಮುಟ್ಟಗೊಟ್ಟಿರಲಿಲ್ಲ.

ಆಮೇಲೆ ಎದ್ದು, ಬಾಗಿಲ ಮೇಲಿನ ಆ ಕಾಗದ ಕೀಳಲು ಹೋದರು. ಟೇಪು ಬಿಡುತ್ತಿರಲಿಲ್ಲ...

ಸಿಂಚನಾ ಹೋಗಿ ಇನ್ನೊಂದು ತುದಿ ಕಿತ್ತಳು.

*ಹೆದರಿಸಿ ಕೆಲಸ ಮಾಡಿಸಬಹುದು... ಹೆದರಿಸಿ ನಿಜ ಹೇಳಿಸಲು ಆಗುವುದಿಲ್ಲ.*

ನಿಮಗೊಂದು ಮೆಸೇಜ್ ಟೈಪ್ ಮಾಡಿ, ಹೆದರಿ ಅಳಿಸಿದವರು ಯಾರಾದರೂ ಇದ್ದಾರಾ... ಯೋಚಿಸಿದ್ದೀರಾ?

ಆ ಮಧ್ಯಾಹ್ನ ಹೋದದ್ದು: ಒಂದು ಹಸು, ಅದರ ಹೊಟ್ಟೆಯಲ್ಲಿದ್ದ ಒಂದು ಕರು, ಮುಕ್ಕಾಲು ಗಂಟೆ.